ಅಪವಾದವೂ ನಿಯಮವೂ: ನಾನು ತಪ್ಪಾಗಿ ಕಲಿಸಿದ ಒಂದು ಇಂಗ್ಲಿಷ್ ನುಡಿ

ಮೇಷ್ಟರಾದವನು ತಾನು ಕಲಿಸಿದ್ದನ್ನು ಹಿಂದಕ್ಕೆ ಪಡೆಯುವ ಪ್ರಸಂಗ ವಿರಳ. ಕರಿಹಲಗೆಯ ಮೇಲೆ ಬರೆದದ್ದನ್ನು ಡಸ್ಟರಿನಿಂದ ಒರೆಸಬಹುದು. ಮಕ್ಕಳ ತಲೆಯಲ್ಲಿ ಬರೆದದ್ದನ್ನು ಒರೆಸುವುದು ಹೇಗೆ? ಆದರೂ ಇಂದು ಆ ಪ್ರಯತ್ನಕ್ಕೆ ಕೈಹಾಕಿದ್ದೇನೆ. ನನ್ನ ಬಳಿ ಇಂಗ್ಲಿಷ್ ಕಲಿತ ಶಿಷ್ಯರು ದಯವಿಟ್ಟು ಇದನ್ನು ಕೊನೆಯವರೆಗೂ ಓದಬೇಕು. ಬಂಧುಗಳೂ ಓದಬಹುದು; ಏಕೆಂದರೆ ಇದು ಆರಂಭವಾದದ್ದು ನಮ್ಮವರದೇ ಮದುವೆಯ ಮನೆಯಲ್ಲಿ.

ಕಳೆದ ವೈಶಾಖದಲ್ಲಿ ನಡೆದ ಆ ಮದುವೆಯ ದಿನ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಛತ್ರದ ಜಗಲಿಯಲ್ಲಿ ನಾಲ್ಕಾರು ಮಂದಿ ಕುಳಿತಿದ್ದೆವು. ಅವರಲ್ಲಿ ನನ್ನ ಹಳೆಯ ಶಿಷ್ಯನೂ ಒಬ್ಬ. ಈಗ ಒಂದು ಸಂಸ್ಥೆಯಲ್ಲಿ ಹತ್ತಾರು ಜನರನ್ನು ನೇಮಿಸುವ, ಬಡ್ತಿ ಕೊಡಿಸುವ ಸ್ಥಾನದಲ್ಲಿದ್ದಾನೆ. ಹೆಸರು ಬರೆಯುವುದಿಲ್ಲ. ಒಳ್ಳೆಯ ಹುಡುಗ, ಅಂದು ಕೂಡ ನನಗೆ ಕುರ್ಚಿ ತಂದು ಹಾಕಿದವನು ಅವನೇ. ಮಾತು ಅವನ ಕಚೇರಿಯತ್ತ ಹೊರಳಿತು. ಒಂದು ವಿಭಾಗಕ್ಕೆ ಮುಖ್ಯಸ್ಥರನ್ನು ಆರಿಸಬೇಕಾಗಿದೆ ಎಂದ. "ಹೆಂಗಸರಿಗೆ ಆ ಕೆಲಸ ಒಗ್ಗೋದಿಲ್ಲ ಸಾರ್, ಅದಕ್ಕೆ ಗಂಡಸರನ್ನೇ ನೋಡ್ತಿದೀವಿ" ಎಂದೂ ಸೇರಿಸಿದ.

ಪಕ್ಕದಲ್ಲಿದ್ದವರು ಕೇಳಿದರು: "ಅಲ್ಲ ಕಣಪ್ಪಾ, ಮೂರು ವರ್ಷದಿಂದ ಆ ವಿಭಾಗ ನಡೆಸ್ತಿರೋದು ಒಬ್ಬ ಹೆಣ್ಣುಮಗಳೇ ಅಂತ ನೀನೇ ಹೇಳಿದ್ದೆಯಲ್ಲ?"

"ಆ ಮೇಡಂ ಎಕ್ಸೆಪ್ಷನ್ನು. ದಿ ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್! ನಮ್ಮ ಮೇಷ್ಟ್ರೇ ಕಲಿಸಿದ್ದು, ಕೇಳಿ ಬೇಕಾದರೆ" ಎಂದು ನನ್ನತ್ತ ಕೈ ತೋರಿದ.

ಎಲ್ಲರೂ ನಕ್ಕರು. ಶಿಷ್ಯ ನನ್ನ ಪಾಠವನ್ನು ನೆನಪಿಟ್ಟುಕೊಂಡನೆಂಬ ಹೆಮ್ಮೆಯಿಂದ ನಾನೂ ನಕ್ಕೆ. ಮನೆಗೆ ಹಿಂದಿರುಗುವಾಗ ಬಸ್ಸಿನಲ್ಲಿ ಆ ಮಾತನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಹೊರಳಿಸಿ ನೋಡಿದೆ. ಮೂರು ವರ್ಷ ವಿಭಾಗವನ್ನು ನಡೆಸಿದ ಒಬ್ಬಾಕೆಯ ಸಾಮರ್ಥ್ಯವೇ, ಹೆಂಗಸರಿಗೆ ಸಾಮರ್ಥ್ಯವಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಬಿಟ್ಟಿತಲ್ಲ! ನ್ಯಾಯಾಲಯದಲ್ಲಿ ಪ್ರತಿವಾದಿಯ ಪರವಾಗಿ ಬಂದ ಸಾಕ್ಷಿಯನ್ನು ವಾದಿಯ ಪಟ್ಟಿಯಲ್ಲಿ ಬರೆದುಕೊಂಡ ಹಾಗೆ. ಈ ಕೈಚಳಕವನ್ನು ಅವನಿಗೆ ಕಲಿಸಿದವನು ನಾನು.

ಹೇಗೆ ಕಲಿಸಿದೆ ಎಂಬುದನ್ನು ಹೇಳುತ್ತೇನೆ. ಇಂಗ್ಲಿಷ್ ಪಾಠ ಹೇಳುವ ಪ್ರತಿಯೊಬ್ಬ ಮೇಷ್ಟರಿಗೂ 'ಬಟ್–ಪುಟ್' ಸಂಕಟ ಒಂದಿದೆ. ಬಿ, ಯು, ಟಿ ಸೇರಿದರೆ 'ಬಟ್' ಆಗುವುದಾದರೆ, ಪಿ, ಯು, ಟಿ ಸೇರಿದರೆ 'ಪುಟ್' ಏಕೆ ಎಂದು ಪ್ರತಿವರ್ಷವೂ ಒಂದು ಮಗು ಕೇಳಿಯೇ ಕೇಳುತ್ತದೆ. ಭೂತಕಾಲಕ್ಕೆ 'ಇ.ಡಿ.' ಹಚ್ಚಬೇಕೆಂದು ಹೇಳಿ ಮುಗಿಸುವಷ್ಟರಲ್ಲಿ 'ಗೋ' ಎಂಬ ಕ್ರಿಯಾಪದ 'ವೆಂಟ್' ಆಗಿ ಎದುರು ನಿಲ್ಲುತ್ತದೆ. ಇಂತಹ ಸಂದರ್ಭಗಳಲ್ಲಿ ನಾನು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಗಂಭೀರವಾಗಿ, 'ದಿ ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್' ಎಂದುಬಿಡುತ್ತಿದ್ದೆ. ಅಪವಾದವೇ ನಿಯಮವನ್ನು ಸಾಬೀತುಪಡಿಸುತ್ತದೆ ಎಂದು ಕನ್ನಡದಲ್ಲಿಯೂ ಹೇಳುತ್ತಿದ್ದೆ. ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ, ಆದರೆ ಮಾತಿನ ಗತ್ತಿಗೆ ಸುಮ್ಮನಾಗುತ್ತಿದ್ದರು. ನನ್ನ ಮೇಷ್ಟರು ನನ್ನನ್ನು ಸುಮ್ಮನಾಗಿಸಿದ್ದೂ ಇದೇ ಮಾತಿನಿಂದ. ಬಿ.ಎಡ್. ತರಬೇತಿಯಲ್ಲಿ ಪ್ರಶ್ನೆ ಕೇಳುವ ಕಲೆಯನ್ನು ಹೇಳಿಕೊಟ್ಟಿದ್ದರು. ಪ್ರಶ್ನೆಯ ಬಾಯಿ ಮುಚ್ಚಿಸುವ ಕಲೆಯನ್ನು ನಾವು ನಾವೇ ಕಲಿತೆವು.

1987ರಲ್ಲಿ ಒಬ್ಬ ಹುಡುಗಿ ಮಾತ್ರ ಸುಮ್ಮನಾಗಲಿಲ್ಲ. ಹತ್ತನೆಯ ತರಗತಿಯವಳು, ಗಣಿತದಲ್ಲಿ ಶಾಲೆಗೇ ಮೊದಲು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ಓದುವಾಗ, "ಹೆಣ್ಣುಮಕ್ಕಳಿಗೆ ಗಣಿತ ಹತ್ತುವುದಿಲ್ಲ, ಇವಳೊಬ್ಬಳು ಅಪವಾದ. ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್" ಎಂದು ತರಗತಿಯ ಎದುರಿನಲ್ಲಿ ಹೇಳಿದೆ. ಹೊಗಳಿದೆನೆಂದೇ ಭಾವಿಸಿದ್ದೆ. ಆಕೆ ಎದ್ದು ನಿಂತಳು.

"ಸಾರ್, ಹೋದ ವಾರ ಗಣಿತದ ಮೇಷ್ಟ್ರು ಒಂದು ಲೆಕ್ಕ ಕೊಟ್ಟಿದ್ದರು. ಒಂದು ಸಂಖ್ಯೆ ತಗೊಂಡು, ಅದರ ವರ್ಗಕ್ಕೆ ಅದೇ ಸಂಖ್ಯೆ ಕೂಡಿಸಿ, ನಲವತ್ತೊಂದು ಕೂಡಿಸಿದರೆ ಯಾವಾಗಲೂ ಅವಿಭಾಜ್ಯ ಸಂಖ್ಯೆ ಬರುತ್ತಾ ಅಂತ. ಸೊನ್ನೆಯಿಂದ ಮೂವತ್ತೊಂಬತ್ತರವರೆಗೂ ಬಂತು. ನಲವತ್ತಕ್ಕೆ ಬರಲಿಲ್ಲ. ಒಂದು ಸಲ ತಪ್ಪಿದರೂ ನಿಯಮ ಹೋಯಿತು ಅಂದರು. ಇಂಗ್ಲಿಷಿನಲ್ಲಿ ಮಾತ್ರ ನಿಯಮ ಹೇಗೆ ಉಳಿಯುತ್ತೆ ಸಾರ್?"

"ಗಣಿತ ಬೇರೆ, ಇಂಗ್ಲಿಷ್ ಬೇರೆ. ಕೂತ್ಕೋ" ಎಂದೆ.

ಲೆಕ್ಕವನ್ನು ನೀವೇ ಮಾಡಿ ನೋಡಬಹುದು. 40ರ ವರ್ಗ 1600. ಅದಕ್ಕೆ 40, ಮತ್ತೆ 41 ಕೂಡಿಸಿದರೆ 1681. ಅದು 41ನ್ನು 41ರಿಂದ ಗುಣಿಸಿದರೆ ಬರುವ ಸಂಖ್ಯೆ. ಸತತವಾಗಿ ನಲವತ್ತು ಬಾರಿ ಫಲಿಸಿದ ನಿಯಮ ನಲವತ್ತೊಂದನೆಯ ಬಾರಿ ಮುರಿದುಬಿತ್ತು. ಹದಿನೆಂಟನೆಯ ಶತಮಾನದ ಮಹಾ ಗಣಿತಜ್ಞ ಆಯ್ಲರನ ಹೆಸರಿನೊಡನೆ ಜೋಡಿಕೊಂಡಿರುವ ಲೆಕ್ಕವಿದು. ಆಕೆಯ ಪ್ರಶ್ನೆ ಸರಿಯಾಗಿತ್ತು. ನನ್ನ ಉತ್ತರ ಉತ್ತರವೇ ಆಗಿರಲಿಲ್ಲ.

ಹಾಗಾದರೆ ಈ ಮಾತು ಇಂಗ್ಲಿಷಿಗೆ ಬಂದದ್ದಾದರೂ ಎಲ್ಲಿಂದ? ಇಷ್ಟು ಅಸಂಬದ್ಧವಾದ ಮಾತನ್ನು ಯಾವ ಬುದ್ಧಿವಂತನು ಮೊದಲು ಆಡಿದ? ಯಾರೂ ಆಡಲಿಲ್ಲ ಎಂಬುದೇ ಉತ್ತರ. ಮೊದಲು ಆಡಿದ ಮಾತು ಬೇರೆ. ಅದರ ಬಾಲವನ್ನು ಕತ್ತರಿಸಿ ನಾವು ಇಟ್ಟುಕೊಂಡಿರುವ ಮಾತು ಬೇರೆ.

ಇದರ ಮೂಲ ರೋಮಿನ ನ್ಯಾಯಾಲಯದಲ್ಲಿದೆ. ಇಂದಿನ ಸ್ಪೇನಿನ ಕರಾವಳಿಯಲ್ಲಿರುವ ಕಾಡಿಸ್ ಪಟ್ಟಣಕ್ಕೆ ಅಂದು ಗೇಡಿಸ್ ಎಂಬ ಹೆಸರು. ಆ ಊರಿನ ಬಾಲ್ಬಸ್ ಎಂಬಾತನಿಗೆ ಕ್ರಿ.ಪೂ. 72ರಲ್ಲಿ ಸೇನಾನಿ ಪಾಂಪೆ ರೋಮಿನ ಪೌರತ್ವವನ್ನು ನೀಡಿದ. ಬಾಲ್ಬಸ್ ಮುಂದೆ ರೋಮಿನಲ್ಲಿ ಪ್ರಭಾವಶಾಲಿಯಾದ. ಹೊರಗಿನವನೊಬ್ಬ ಏಳಿಗೆಗೆ ಬಂದರೆ ಕಣ್ಣು ಕೆಂಪಾಗುವವರು ಎಲ್ಲ ಕಾಲದಲ್ಲಿಯೂ ಇರುತ್ತಾರಷ್ಟೆ. ಕ್ರಿ.ಪೂ. 56ರಲ್ಲಿ ಅವನ ಪೌರತ್ವವೇ ಅಸಿಂಧುವೆಂದು ಮೊಕದ್ದಮೆ ಹೂಡಿದರು. ರೋಮಿಗೂ ಗೇಡಿಸಿಗೂ ಒಪ್ಪಂದವಿದೆ, ಆದ್ದರಿಂದ ಗೇಡಿಸಿನ ಒಪ್ಪಿಗೆಯಿಲ್ಲದೆ ಅದರ ಪ್ರಜೆಯನ್ನು ರೋಮಿನ ಪ್ರಜೆಯಾಗಿ ಸ್ವೀಕರಿಸಲಾಗದು ಎಂಬುದು ಅವರ ವಾದ. ಬಾಲ್ಬಸನ ಪರವಾಗಿ ವಾದಿಸಿದವರಲ್ಲಿ ಸಿಸೆರೋ ಒಬ್ಬ.

ಸಿಸೆರೋ ಹೇಳಿದ್ದರ ತಾತ್ಪರ್ಯ ಇಷ್ಟು. ರೋಮ್ ಬೇರೆ ಕೆಲವು ಜನಾಂಗಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ, ಅವರ ಪ್ರಜೆಗಳನ್ನು ರೋಮಿನ ಪೌರರಾಗಿ ಸ್ವೀಕರಿಸಕೂಡದೆಂಬ ನಿಬಂಧನೆಯನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಗೇಡಿಸಿನ ಒಪ್ಪಂದದಲ್ಲಿ ಅಂತಹ ನಿಬಂಧನೆಯಿಲ್ಲ. ಕೆಲವರನ್ನು ಹೆಸರಿಸಿ ಹೊರಗಿಟ್ಟಿರುವುದರಿಂದಲೇ, ಹಾಗೆ ಹೊರಗಿಡದ ಮಿಕ್ಕವರಿಗೆಲ್ಲ ಪ್ರವೇಶವಿದೆಯೆಂದು ಸಿದ್ಧವಾಗುತ್ತದೆ. ಎಲ್ಲರಿಗೂ ನಿಷೇಧವಿದ್ದಿದ್ದರೆ ಕೆಲವರಿಗೆಂದು ಪ್ರತ್ಯೇಕ ನಿಷೇಧವನ್ನು ಬರೆಯುವ ಅಗತ್ಯವೇನಿತ್ತು?

ಎಂತಹ ಅಚ್ಚುಕಟ್ಟಾದ ತರ್ಕ! ಬಾಲ್ಬಸ್ ಗೆದ್ದ. ಅಷ್ಟೇ ಅಲ್ಲ, ಕ್ರಿ.ಪೂ. 40ರಲ್ಲಿ ಆತ ರೋಮಿನ ಅತ್ಯುನ್ನತ ಅಧಿಕಾರವಾದ ಕಾನ್ಸಲ್ ಪದವಿಗೇರಿದ. ಹೊರನಾಡಿನಲ್ಲಿ ಹುಟ್ಟಿ ಆ ಪದವಿ ಪಡೆದವರಲ್ಲಿ ಆತನೇ ಮೊದಲಿಗ.

ಈ ತರ್ಕವೇ ಕಾಲಾಂತರದಲ್ಲಿ ನ್ಯಾಯಶಾಸ್ತ್ರದ ಲ್ಯಾಟಿನ್ ಸೂತ್ರವಾಗಿ, ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವಕೀಲರ ಬಾಯಲ್ಲಿ ನೆಲೆಯೂರಿತು. 'ಎಕ್ಸೆಪ್ಟಿಯೋ ಪ್ರೊಬಾಟ್ ರೆಗುಲಮ್ ಇನ್ ಕಾಸಿಬುಸ್ ನಾನ್ ಎಕ್ಸೆಪ್ಟಿಸ್' ಎಂಬುದು ಅದರ ಪೂರ್ಣರೂಪ. 'ಹೊರಗಿಡದ ಸಂದರ್ಭಗಳಲ್ಲಿ ನಿಯಮವಿದೆಯೆಂಬುದನ್ನು, ಹೊರಗಿಟ್ಟ ಸಂದರ್ಭವೇ ತೋರಿಸಿಕೊಡುತ್ತದೆ' ಎಂದು ಅದರ ಅರ್ಥ. ಜನರ ಬಾಯಿಗೆ ಬೀಳುವಾಗ ಕೊನೆಯ ನಾಲ್ಕು ಪದಗಳು ಉದುರಿಹೋದವು. ಉಳಿದದ್ದು ಮೊದಲ ಮೂರು. ಪ್ರಾಣವಿದ್ದದ್ದು ಉದುರಿದ ಭಾಗದಲ್ಲಿ.

ಇದು ದೂರದ ಮಾತಾಯಿತೆನ್ನುವವರು ತಮ್ಮ ಊರಿನ ಗ್ರಂಥಾಲಯದ ಬಾಗಿಲನ್ನು ನೋಡಲಿ. 'ಸೋಮವಾರ ರಜೆ' ಎಂಬ ಫಲಕವಿದ್ದರೆ, ಮಿಕ್ಕ ದಿನಗಳಲ್ಲಿ ಬಾಗಿಲು ತೆರೆದಿರುತ್ತದೆ ಎಂಬುದನ್ನು ಯಾರೂ ಪ್ರತ್ಯೇಕವಾಗಿ ಬರೆಯಬೇಕಾಗಿಲ್ಲ. ಬರೆದ ಅಪವಾದ ಬರೆಯದ ನಿಯಮವನ್ನು ಹೇಳುತ್ತದೆ. 'ಶನಿವಾರ ಬೆಳಗಿನ ತರಗತಿ ಮಾತ್ರ' ಎಂದರೆ ಉಳಿದ ದಿನ ಮಧ್ಯಾಹ್ನವೂ ಪಾಠವುಂಟೆಂದು ಒಂದನೆಯ ತರಗತಿಯ ಮಗುವಿಗೂ ಗೊತ್ತು. ಅದಕ್ಕೇ ಅದು ಶುಕ್ರವಾರ ಬುತ್ತಿಯನ್ನು ಮರೆಯುವುದಿಲ್ಲ.

ನಮ್ಮ ಶಾಸ್ತ್ರಕಾರರಿಗೂ ಈ ವಿಚಾರ ಹೊಸದಲ್ಲ. 'ಅಪವಾದ' ಎಂಬ ಪದವೇ ನಮಗೆ ವ್ಯಾಕರಣ ಕೊಟ್ಟ ಕೊಡುಗೆ. ಪಾಣಿನಿಯ ಪರಂಪರೆಯಲ್ಲಿ ಸಾಮಾನ್ಯ ವಿಧಿಗೆ ಉತ್ಸರ್ಗವೆಂದೂ ವಿಶೇಷ ವಿಧಿಗೆ ಅಪವಾದವೆಂದೂ ಹೆಸರು. ಪತಂಜಲಿಯ ಮಹಾಭಾಷ್ಯದಲ್ಲಿ ಬರುವ ತಕ್ರಕೌಂಡಿನ್ಯ ನ್ಯಾಯವನ್ನು ಸಂಸ್ಕೃತ ಓದಿದವರು ಬಲ್ಲರು. ಬ್ರಾಹ್ಮಣರಿಗೆ ಮೊಸರು ಬಡಿಸಿ, ಕೌಂಡಿನ್ಯನಿಗೆ ಮಜ್ಜಿಗೆ ಬಡಿಸಿ ಎಂದರೆ, ಕೌಂಡಿನ್ಯನೂ ಬ್ರಾಹ್ಮಣನೇ ಆದರೂ ಅವನಿಗೆ ಮೊಸರಿಲ್ಲ, ಮಜ್ಜಿಗೆಯಷ್ಟೇ ಎಂದರ್ಥ. ಹಾಗೆಯೇ ಅವನೊಬ್ಬನನ್ನು ಬಿಟ್ಟು ಪಂಕ್ತಿಯಲ್ಲಿ ಕುಳಿತ ಮಿಕ್ಕವರಿಗೆಲ್ಲ ಮೊಸರು ಖಚಿತ. ಕೌಂಡಿನ್ಯನಿಗೆ ಮಜ್ಜಿಗೆಯೇ ಏಕೆ ಎಂದು ನಮಗೆ ಹೇಳಿಲ್ಲ, ಬಹುಶಃ ನೆಗಡಿಯಾಗಿತ್ತೇನೋ! ಅದೇನೇ ಇರಲಿ, ಇಲ್ಲಿ ಮೊಸರಿನ ನಿಯಮವನ್ನು ಮಾಡಿದವನೂ ಮಜ್ಜಿಗೆಯ ಅಪವಾದವನ್ನು ಮಾಡಿದವನೂ ಒಬ್ಬನೇ, ಎಂದರೆ ಯಜಮಾನ. ಆದ್ದರಿಂದಲೇ ಅವನ ಒಂದು ಮಾತಿನಿಂದ ಇನ್ನೊಂದು ಮಾತಿನ ವ್ಯಾಪ್ತಿಯನ್ನು ಊಹಿಸಲು ಸಾಧ್ಯ.

ಗಂಟು ಇರುವುದು ಇಲ್ಲಿಯೇ. ಅಪವಾದಗಳಲ್ಲಿ ಎರಡು ಬಗೆ: ಮಾಡಿದ ಅಪವಾದ, ಕಂಡ ಅಪವಾದ. ನಿಯಮ ಮಾಡುವ ಅಧಿಕಾರವುಳ್ಳವನು ತಿಳಿದೂ ತಿಳಿದೂ ಕೆಲವನ್ನು ಹೊರಗಿಟ್ಟರೆ ಅದು ಮಾಡಿದ ಅಪವಾದ. ಅದು ನಿಯಮಕ್ಕೆ ಸಾಕ್ಷಿಯಾಗಬಲ್ಲದು. 'ಎಲ್ಲವೂ ಹೀಗೆಯೇ' ಎಂದು ನಾವು ಊಹೆ ಮಾಡಿಕೊಂಡಿದ್ದಾಗ ಲೋಕ ನಮ್ಮೆದುರಿಗೆ 'ಇದು ಹಾಗಿಲ್ಲವಲ್ಲ' ಎಂದು ಒಂದನ್ನು ತಂದಿಟ್ಟರೆ ಅದು ಕಂಡ ಅಪವಾದ. ಅದು ನಿಯಮಕ್ಕೆ ಸಾಕ್ಷಿಯಲ್ಲ, ವೈರಿ. ಹೆಣ್ಣುಮಕ್ಕಳಿಗೆ ಗಣಿತ ಹತ್ತದೆಂದು ಯಾವ ಯಜಮಾನನೂ ಆಜ್ಞೆ ಹೊರಡಿಸಿ ನನ್ನ ಶಿಷ್ಯೆಯೊಬ್ಬಳಿಗೆ ವಿನಾಯಿತಿ ಕೊಟ್ಟಿರಲಿಲ್ಲ. ಅದು ನನ್ನ ಊಹೆ. ಆಕೆಯ ಉತ್ತರಪತ್ರಿಕೆ ಆ ಊಹೆಯನ್ನು ಸುಳ್ಳು ಮಾಡಿತ್ತು. ನಾನು ಅದೇ ಉತ್ತರಪತ್ರಿಕೆಯನ್ನು ಎತ್ತಿಹಿಡಿದು ನನ್ನ ಊಹೆ ಗೆದ್ದಿತೆಂದು ಸಾರಿದೆ.

ಯುರೋಪಿನವರಿಗೆ ಬಹುಕಾಲ ಹಂಸವೆಂದರೆ ಬಿಳಿಯ ಹಕ್ಕಿ. ಕಪ್ಪು ಹಂಸ ಎಂಬುದು ಬಲು ಅಪರೂಪವಾದುದಕ್ಕೆ ಕೊಡುವ ಹೋಲಿಕೆಯಾಗಿತ್ತು; ರೋಮಿನ ಕವಿ ಜುವೆನಲನ ಕಾಲದಿಂದಲೂ ಅದು ರೂಢಿಯಲ್ಲಿತ್ತು. 1697ರಲ್ಲಿ ಡಚ್ ನಾವಿಕ ವಿಲ್ಲೆಮ್ ದ ವ್ಲಾಮಿಂಗ್ ಪಶ್ಚಿಮ ಆಸ್ಟ್ರೇಲಿಯಾದ ನದಿಯೊಂದರಲ್ಲಿ ನಿಜವಾದ ಕಪ್ಪು ಹಂಸಗಳನ್ನು ಕಂಡ. ಆ ನದಿಗೆ ಇಂದಿಗೂ ಸ್ವಾನ್ ನದಿಯೆಂದೇ ಹೆಸರು. ಅವುಗಳನ್ನು ಕಂಡವರು 'ನೋಡಿ, ಹಂಸಗಳೆಲ್ಲವೂ ಬಿಳಿಯವೆಂಬುದು ಈಗ ಖಚಿತವಾಯಿತು' ಎಂದಿದ್ದರೆ ಹಡಗಿನವರೇ ನಗುತ್ತಿದ್ದರು. ಹಕ್ಕಿಯ ವಿಷಯದಲ್ಲಿ ನಗೆಪಾಟಲಾಗುವ ಮಾತು ಹೆಣ್ಣುಮಗಳ ವಿಷಯದಲ್ಲಿ ಜಾಣತನವಾಗಿ ಕಾಣುವುದು ಹೇಗೆ?

ಇಲ್ಲಿ ಇಂಗ್ಲಿಷ್ ಬಲ್ಲ ಮಿತ್ರರು ಒಂದು ಆಕ್ಷೇಪವನ್ನು ಎತ್ತುವುದುಂಟು. 'ಮೇಷ್ಟ್ರೇ, ಹಳೆಯ ಇಂಗ್ಲಿಷಿನಲ್ಲಿ ಪ್ರೂವ್ ಎಂದರೆ ಪರೀಕ್ಷಿಸು ಎಂದರ್ಥ. ಅಪವಾದವು ನಿಯಮವನ್ನು ಪರೀಕ್ಷೆಗೆ ಒಡ್ಡುತ್ತದೆ ಎಂಬುದೇ ಈ ಮಾತಿನ ನಿಜವಾದ ಅರ್ಥ' ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಅಮೆರಿಕದ ವ್ಯಂಗ್ಯಲೇಖಕ ಆಂಬ್ರೋಸ್ ಬಿಯರ್ಸ್ 1911ರಲ್ಲಿ ಪ್ರಕಟವಾದ ತನ್ನ 'ಡೆವಿಲ್ಸ್ ಡಿಕ್ಷನರಿ'ಯಲ್ಲಿ, ಈ ಮಾತನ್ನು ಗಿಳಿಪಾಠದಂತೆ ಒಪ್ಪಿಸುವವರನ್ನು ಹೀಯಾಳಿಸಿ ಇದೇ ವಿವರಣೆಯನ್ನು ಮುಂದಿಟ್ಟ. ನಾನೂ ನಿವೃತ್ತನಾದ ಹೊಸತರಲ್ಲಿ ಇದನ್ನು ಓದಿ, ಪರವಾಗಿಲ್ಲ, ಮಾತಿಗೆ ಮಾನ ಉಳಿಯಿತು ಎಂದು ಸಮಾಧಾನಪಟ್ಟುಕೊಂಡಿದ್ದೆ.

ಆ ಸಮಾಧಾನವೂ ನಿಲ್ಲುವುದಿಲ್ಲ. ಪ್ರೂವ್ ಎಂಬ ಪದಕ್ಕೆ ಪರೀಕ್ಷಿಸು ಎಂಬ ಅರ್ಥವಿದ್ದದ್ದು ನಿಜ. ಲ್ಯಾಟಿನ್ನಿನ ಮೂಲಪದಕ್ಕೂ ಆ ಅರ್ಥವುಂಟು. ಆದರೆ ಸೂತ್ರದ ಪೂರ್ಣರೂಪವನ್ನು ಓದಿ ನೋಡಿ. 'ಹೊರಗಿಡದ ಸಂದರ್ಭಗಳಲ್ಲಿ' ಎಂಬ ಮಾತಿನೊಡನೆ ಪರೀಕ್ಷೆಯ ಅರ್ಥ ಕೂಡುವುದೇ ಇಲ್ಲ. ಇನ್ನೂ ಬಲವಾದ ಸಾಕ್ಷಿ ಫ್ರಾನ್ಸಿಸ್ ಬೇಕನ್. ತತ್ತ್ವಜ್ಞಾನಿಯೂ ಇಂಗ್ಲೆಂಡಿನ ಉನ್ನತ ನ್ಯಾಯಾಧಿಕಾರಿಯೂ ಆಗಿದ್ದ ಆತ 1623ರ ತನ್ನ ಲ್ಯಾಟಿನ್ ಗ್ರಂಥದಲ್ಲಿ ಇದೇ ವಿಚಾರವನ್ನು ಹೇಳುವಾಗ ಬಳಸಿದ್ದು ಬೇರೆಯೇ ಕ್ರಿಯಾಪದ. ಹೊರಗಿಡದ ಸಂದರ್ಭಗಳಲ್ಲಿ ಅಪವಾದವು ಕಾನೂನಿಗೆ ಬಲ ತುಂಬುತ್ತದೆ ಎಂಬುದು ಆತನ ಮಾತಿನ ಭಾವ. ಬಲ ತುಂಬುವುದು ಎಂಬಲ್ಲಿ ಪರೀಕ್ಷೆಯ ಸೋಂಕೇ ಇಲ್ಲ. 1926ರಲ್ಲಿ ಪ್ರಕಟವಾದ ಫೌಲರನ 'ಮಾಡರ್ನ್ ಇಂಗ್ಲಿಷ್ ಯೂಸೇಜ್' ನಿಘಂಟು ಕೂಡ ಈ ಮಾತಿನ ಮೂಲ ಅರ್ಥ ನ್ಯಾಯಶಾಸ್ತ್ರದ್ದೆಂದು ತೋರಿಸಿ, ದುರ್ಬಳಕೆಗಳನ್ನು ಒಂದೊಂದಾಗಿ ಬಿಡಿಸಿಟ್ಟಿದೆ. ನನ್ನ ಸೇವೆಯ ಉದ್ದಕ್ಕೂ ಅಂತಹ ಪುಸ್ತಕಗಳು ಇದ್ದವು. ನಾನು ನೋಡಲಿಲ್ಲ, ಅಷ್ಟೇ.

ಎರಡನೆಯ ಆಕ್ಷೇಪ ಭಾಷೆಯ ಹೆಸರಿನಲ್ಲಿ ಬರುತ್ತದೆ. ಪದಗಳ ಅರ್ಥ ಬದಲಾಗುವುದು ಸಹಜವಲ್ಲವೇ, ಎರಡು ಸಾವಿರ ವರ್ಷ ಹಿಂದಿನ ವಕೀಲನ ಅರ್ಥಕ್ಕೆ ನಾವೇಕೆ ಜೋತುಬೀಳಬೇಕು ಎಂದು. ಬದಲಾವಣೆಗೆ ನನ್ನ ವಿರೋಧವಿಲ್ಲ. 'ನೈಸ್' ಎಂಬ ಇಂಗ್ಲಿಷ್ ಪದಕ್ಕೆ ಒಂದು ಕಾಲದಲ್ಲಿ ಮೂಢ ಎಂಬ ಅರ್ಥವಿತ್ತು; ಇಂದು ಸೊಗಸು ಎಂದರ್ಥ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ನಮ್ಮ ಈ ನುಡಿಯಲ್ಲಿ ಆದದ್ದು ಅರ್ಥದ ಬದಲಾವಣೆಯಷ್ಟೇ ಅಲ್ಲ, ತರ್ಕದ ಹತ್ಯೆ. ಇದನ್ನು ಒಪ್ಪಿಕೊಂಡರೆ ಲೋಕದಲ್ಲಿ ಯಾವ ಸುಳ್ಳನ್ನೂ ಸುಳ್ಳೆಂದು ತೋರಿಸಲಾಗುವುದಿಲ್ಲ. ಇಂತಹ ಜಾತಿಯವರು ಓದಲಾರರು ಎನ್ನಿ. ಓದಿದವನೊಬ್ಬನನ್ನು ತಂದು ನಿಲ್ಲಿಸಿದರೆ ಅವನು ಅಪವಾದ, ನಿಯಮ ಗಟ್ಟಿಯಾಯಿತು. ಇಂತಹ ಊರಿನವರು ಪ್ರಾಮಾಣಿಕರಲ್ಲ ಎನ್ನಿ. ಪ್ರಾಮಾಣಿಕನೊಬ್ಬ ಸಿಕ್ಕರೆ ನಿಯಮ ಇನ್ನಷ್ಟು ಗಟ್ಟಿ. ಅನುಕೂಲವಾದ ಸಾಕ್ಷ್ಯವೂ ನಮಗೆ, ಪ್ರತಿಕೂಲವಾದ ಸಾಕ್ಷ್ಯವೂ ನಮಗೆ! ಇಂತಹ ಚೌಕಾಬಾರ ಆಟದಲ್ಲಿ ಎದುರಾಳಿಗೆ ಕವಡೆ ಕೊಡುವುದಾದರೂ ಏಕೆ?

ಮೂರನೆಯ ಆಕ್ಷೇಪ ಸ್ವಲ್ಪ ಸೂಕ್ಷ್ಮವಾದದ್ದು. ಅದನ್ನು ಗೌರವದಿಂದಲೇ ಎದುರಿಸಬೇಕು. ಒಬ್ಬಾಕೆಯನ್ನು ಕಂಡು ನಮಗೆ ಆಶ್ಚರ್ಯವಾಗುತ್ತದೆಂದರೆ ಅಂಥವರು ವಿರಳವೆಂದು ತಾನೇ ಅರ್ಥ? ಆ ಆಶ್ಚರ್ಯವೇ ಸಾಮಾನ್ಯ ಸ್ಥಿತಿ ಬೇರೆಯೆಂಬುದಕ್ಕೆ ಸಾಕ್ಷಿಯಲ್ಲವೇ? ಭಾಗಶಃ ಹೌದು. ಆದರೆ ಆಶ್ಚರ್ಯ ಸಾಕ್ಷಿ ನುಡಿಯುವುದು ಆಶ್ಚರ್ಯಪಟ್ಟವನ ಅಭ್ಯಾಸದ ಬಗ್ಗೆ. ನಮ್ಮ ಊರಿನಲ್ಲಿ ಮೊದಲ ಬಾರಿಗೆ ಹೆಣ್ಣುಮಗಳೊಬ್ಬಳು ಸೈಕಲ್ ಹತ್ತಿ ಶಾಲೆಗೆ ಹೊರಟಾಗ ಬೀದಿಗೆ ಬೀದಿಯೇ ಹೊರಗೆ ಬಂದು ನೋಡಿತು. ಹೆಣ್ಣುಮಕ್ಕಳಿಗೆ ಸೈಕಲ್ ತುಳಿಯಲು ಬರುವುದಿಲ್ಲವೆಂದು ಅದರಿಂದ ಸಿದ್ಧವಾಯಿತೇ? ಮಿಕ್ಕವರಿಗೆ ಯಾರೂ ಸೈಕಲ್ ಕೊಟ್ಟಿರಲಿಲ್ಲ ಎಂದಷ್ಟೇ ಸಿದ್ಧವಾಯಿತು. ಮುಂದೆ ಸರ್ಕಾರವೇ ಶಾಲೆಯ ಮಕ್ಕಳಿಗೆ ಸೈಕಲ್ ಹಂಚಿದ ವರ್ಷಗಳಲ್ಲಿ ಹೆಣ್ಣುಮಕ್ಕಳ ಸಾಲು ಸಾಲು ಸೈಕಲ್ಲುಗಳು ಅದೇ ಬೀದಿಯಲ್ಲಿ ಹೋಗುವಾಗ ನೋಡಲು ಯಾರೂ ಹೊರಗೆ ಬರಲಿಲ್ಲ.

ಕಂಡ ಅಪವಾದದೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಒಂದು ನಿದರ್ಶನವಿದೆ. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಮುಂದೆ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದವರು ಅವರೇ. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯೇ ಮೊದಲಾದ ಷರತ್ತುಗಳೊಡನೆ ಒಳಗೆ ಬಿಟ್ಟುಕೊಂಡರು. ಆ ಅವಮಾನವನ್ನು ಆಕೆ ಮುಂದೆಯೂ ಮರೆಯಲಿಲ್ಲ, ಮರೆಯಬೇಕಾಗಿಯೂ ಇರಲಿಲ್ಲ. ಆದರೆ ವರ್ಷ ಕಳೆದ ಮೇಲೆ ರಾಮನ್ ಅವರು 'ಈಕೆ ಅಪವಾದ, ನನ್ನ ನಿಯಮ ಸರಿ' ಎನ್ನಲಿಲ್ಲ. ಆಕೆಯ ಕೆಲಸವನ್ನು ಮೆಚ್ಚಿದರು. ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಆಕೆ 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿ ಪಡೆದರು. ನೊಬೆಲ್ ಪಡೆದ ವಿಜ್ಞಾನಿ ಒಂದು ದೊಡ್ಡ ತಪ್ಪು ಮಾಡಿದರು, ಆದರೆ ಎದುರಿಗೆ ಬಂದ ಸಾಕ್ಷ್ಯಕ್ಕೆ ತಲೆಬಾಗಿದರು. ಪ್ರೌಢಶಾಲೆಯ ಮೇಷ್ಟರಾದ ನಾನು ಬಾಗಲಿಲ್ಲ.

ಬಾಗದೆ ಏನು ಮಾಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ಆ ಹುಡುಗಿಯ ತಂದೆ ಶಾಲೆಗೆ ಬಂದರು. ಸಣ್ಣ ಹಿಡುವಳಿಯ ರೈತರು. ಮಗಳನ್ನು ಪಟ್ಟಣದಲ್ಲಿಟ್ಟು ಪಿ.ಯು.ಸಿ. ವಿಜ್ಞಾನ ಓದಿಸಲೇ ಎಂದು ನನ್ನನ್ನು ಕೇಳಿದರು. "ಏನೋ ಒಬ್ಬಳು ಜಾಣೆ ಹುಟ್ಟಿದಾಳೆ, ನಿಜ. ಆದರೆ ಅಪವಾದವನ್ನು ನಂಬಿ ಸಾಲ ಮಾಡಬೇಡಿ. ಶಿಕ್ಷಕರ ತರಬೇತಿಗೆ ಸೇರಿಸಿ" ಎಂದೆ. ಅವರು ಕೈಮುಗಿದು ಹೋದರು. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. ಅದು ಸಣ್ಣ ಕೆಲಸವೆಂದು ನಾನು ಹೇಳುತ್ತಿಲ್ಲ. ಮೇಷ್ಟರಾಗಿದ್ದವನು ಹಾಗೆ ಹೇಳಬಾರದು. ಆ ಆಯ್ಕೆ ಆಕೆಯದಾಗಿರಲಿಲ್ಲ, ನನ್ನದಾಗಿತ್ತು. ಅದಕ್ಕೆ ಆಧಾರ ನನಗೇ ಅರ್ಥವಾಗದ ಒಂದು ಇಂಗ್ಲಿಷ್ ನುಡಿ.

ಕನ್ನಡದಲ್ಲಿ ಅಪವಾದ ಎಂಬ ಪದಕ್ಕೆ ಇನ್ನೊಂದು ಅರ್ಥವಿದೆ. ಮಾಡದ ತಪ್ಪನ್ನು ಒಬ್ಬರ ತಲೆಗೆ ಕಟ್ಟಿದರೆ 'ಅಪವಾದ ಹೊರಿಸಿದರು' ಎನ್ನುತ್ತೇವೆ. ನಾನು ಆಕೆಯನ್ನು ಅಪವಾದವೆಂದು ಕರೆದಾಗ, ಅದೇ ಉಸಿರಿನಲ್ಲಿ ತರಗತಿಯಲ್ಲಿದ್ದ ಮಿಕ್ಕ ಹೆಣ್ಣುಮಕ್ಕಳೆಲ್ಲರ ಮೇಲೂ ಅಪವಾದ ಹೊರಿಸಿದ್ದೆ. ಅವರು ತಲೆ ತಗ್ಗಿಸಿ ಕುಳಿತಿದ್ದರು. ಅವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ನಿಮ್ಮಲ್ಲಿ ನಾನು ಕ್ಷಮೆ ಕೇಳುತ್ತೇನೆ.

ಈ ಬರಹಕ್ಕೆ ಮುನ್ನ ಆಕೆಗೆ ದೂರವಾಣಿ ಮಾಡಿದೆ. ಹೆಸರು ಬೇಡ, ಮಿಕ್ಕದ್ದನ್ನು ಬರೆಯಿರಿ ಎಂದಳು. ತಂದೆಗೆ ನಾನು ಹೇಳಿದ ಮಾತು ಆಕೆಗೆ ಅಂದೇ ತಿಳಿದಿತ್ತಂತೆ. ನಾನು ಸಿಸೆರೋನ ಕಥೆ ಹೇಳಿ ಮುಗಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ನಲವತ್ತೊಂದರ ಲೆಕ್ಕ ಏಳನೇ ಕ್ಲಾಸಿನ ಮಕ್ಕಳಿಗೆ ಪ್ರತಿವರ್ಷ ಮಾಡಿಸ್ತೀನಿ ಸಾರ್. ಸೊನ್ನೆಯಿಂದ ನಲವತ್ತರವರೆಗೂ ಬಿಡದೆ ಮಾಡಿಸ್ತೀನಿ" ಎಂದಳು. ನನ್ನನ್ನು ಕ್ಷಮಿಸಿದೆನೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇನ್ನು ಮದುವೆಯ ಮನೆಯ ನನ್ನ ಶಿಷ್ಯನಿಗೆ ಎರಡು ಮಾತು. ನೀನು ಇದನ್ನು ಓದುತ್ತೀ ಎಂದು ಬಲ್ಲೆ. ಬಾಲ್ಬಸನ ಮೊಕದ್ದಮೆಯಲ್ಲಿ ಹುಟ್ಟಿದ ವಾದ, ಹೊರಗಿನವನೊಬ್ಬನಿಗೆ ಬಾಗಿಲನ್ನು ತೆರೆಯಿಸಿದ ವಾದ. ಯಾರನ್ನು ಹೊರಗಿಡಬೇಕೆಂದು ಬರೆದಿಲ್ಲವೋ ಅವರೆಲ್ಲರೂ ಒಳಗೆ ಬರಬಹುದು ಎಂಬುದು ಅದರ ಸಾರ. ನಾನು ನಿನಗೆ ಅದನ್ನು ತಲೆಕೆಳಗು ಮಾಡಿ, ಬಾಗಿಲು ಮುಚ್ಚುವ ಅಗುಳಿಯನ್ನಾಗಿ ಕೊಟ್ಟೆ. ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನಿನ್ನ ಸಂಸ್ಥೆಯ ನಿಯಮಾವಳಿಯನ್ನು ತೆಗೆದು ಓದು. ಆ ಹುದ್ದೆಗೆ ಹೆಂಗಸರು ಬರಕೂಡದೆಂದು ಎಲ್ಲಿಯಾದರೂ ಬರೆದಿದೆಯೇ? ಬರೆದಿಲ್ಲವಾದರೆ ಸಿಸೆರೋ ಆ ಹೆಣ್ಣುಮಗಳ ಪಕ್ಷದಲ್ಲಿದ್ದಾನೆ. ಆಕೆಯ ಮೂರು ವರ್ಷದ ಕೆಲಸವನ್ನು ತೂಗಿ ನೋಡಿ ನಿನ್ನ ತೀರ್ಮಾನ ಮಾಡು. ಆಕೆ ಸಾಲದಿದ್ದರೆ ಸಾಲದು ಎನ್ನು, ಕಾರಣ ಕೊಡು. ಸಾಕೆಂದು ಕಂಡರೆ ಹುದ್ದೆ ಕೊಡು. ಆಕೆಗೆ ಅಪವಾದವೆಂಬ ಬಿರುದು ಮಾತ್ರ ಕೊಡಬೇಡ.

ಯಾರಾದರೂ ನಿನ್ನೆದುರಿಗೆ ಆ ಇಂಗ್ಲಿಷ್ ಮಾತನ್ನು ಆಡಿದರೆ, 'ನಮ್ಮ ಮೇಷ್ಟ್ರು ಅದನ್ನು ತಪ್ಪಾಗಿ ಕಲಿಸಿದ್ದರಂತೆ, ಅವರೇ ಒಪ್ಪಿಕೊಂಡಿದಾರೆ' ಎಂದು ಧಾರಾಳವಾಗಿ ಹೇಳು. ನನಗೇನೂ ಬೇಸರವಿಲ್ಲ.